ನಕ್ಷೆಯೂ ಬೇಕು, ಹೆಸರೂ ಬೇಕು

ನಾನು ಲೆಕ್ಕಪರಿಶೋಧಕ, ವಿಜ್ಞಾನಿಯಲ್ಲ. ಆದರೂ ಇವತ್ತು ಮೆದುಳಿನ ವಿಷಯ ಮಾತಾಡುತ್ತೇನೆ.

ಇಲ್ಲೇ ಪಕ್ಕದ ಪ್ರಿನ್ಸ್‌ಟನ್ನಿನ ಮುಂದಾಳತ್ವದಲ್ಲಿ 2024ರಲ್ಲಿ ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ಬಂತು: 1,39,255 ನರಕೋಶಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಜೋಡಿಸಿ ಮಾಡಿದ್ದು. ಯಾವ ಕೋಶ ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಆ ಚಿತ್ರದಲ್ಲಿ ಸ್ಪಷ್ಟ. ಆ ಕೋಶದೊಳಗೆ ಯಾವ ಜೀನ್ ಕೆಲಸ ಮಾಡುತ್ತಿದೆ ಎಂಬುದು ಮಾತ್ರ ಕಪ್ಪು-ಬಿಳುಪು ಚಿತ್ರದಲ್ಲಿ ನೇರವಾಗಿ ಕಾಣುವುದಿಲ್ಲ.

ಅದರಿಂದ ನಮಗೇನು ಎನ್ನಬಹುದು. ಹಾಸನದಲ್ಲಿರುವ ನನ್ನ ತಂದೆಯವರಿಗೆ ಪಾರ್ಕಿನ್ಸನ್. ಅಕ್ಷರ ಸಣ್ಣದಾಗುತ್ತಾ ಹೋಗಿ, ಸಹಿ ಹೊಂದುವುದಿಲ್ಲವೆಂದು ಚೆಕ್ಕು ವಾಪಸಾದಾಗ ನಮಗೆ ಅನುಮಾನ ಬಂದಿದ್ದು. ಈ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತವೆ. ಆ ತಯಾರಿಗೆ ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಬೇಕೇ ಬೇಕು. 1975ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ವರ್ಜೀನಿಯಾ ಪಿಕೆಲ್, ಜೋ, ರೀಸ್ ಇಲಿಯ ಮೆದುಳಿನಲ್ಲಿ ಇದೇ ಕಿಣ್ವಕ್ಕೆ ಪ್ರತಿಕಾಯ ಅಂಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದಿರುವ ಜಾಗವನ್ನೇ ತೋರಿಸಿದರು.

ಅವರು ಹಿಡಿದದ್ದು ಪ್ರೋಟೀನನ್ನು. ಜೀನಿನ ಆರ್‌ಎನ್‌ಎ ಪ್ರತಿಯನ್ನೇ ಹಿಡಿಯುವುದು ಇನ್ನೂ ಕಷ್ಟ. ಅದನ್ನು ಹುಡುಕುವ ತುಣುಕು ಒಳಹೋಗಲು ಮಾರ್ಜಕ ಹಾಕಿ ಕೋಶದ ಪೊರೆ ಸಡಿಲಿಸುತ್ತಾರೆ; ಚಿತ್ರಕ್ಕೆ ಬೇಕಾದ್ದೇ ಆ ಪೊರೆ. ಪೊರೆ ಎದ್ದು ಕಾಣಲು ಆಸ್ಮಿಯಂ ಹಾಕಿದರೆ ಆಮೇಲೆ ತುಣುಕು ಸರಿಯಾಗಿ ಕೂರುವುದಿಲ್ಲ. ಒಂದು ಉಪಾಯವೆಂದರೆ ಮೊದಲು ಹೊಳೆಯುವ ಬಣ್ಣದಲ್ಲಿ ಜೀನ್ ಗುರುತಿಸಿ ಫೋಟೋ ತೆಗೆದು, ನಂತರ ಅದೇ ಅಂಗಾಂಶವನ್ನು ಆಸ್ಮಿಯಂನಲ್ಲಿ ಅದ್ದಿ ತೆಳ್ಳಗೆ ಕೊಯ್ದು, ರಕ್ತನಾಳಗಳ ಗುರುತು ಹಿಡಿದು ಎರಡೂ ಚಿತ್ರಗಳನ್ನು ತಾಳೆ ಹಾಕುವುದು. ಬ್ಯಾಂಕ್ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆ ನೋಡುವ ನನಗೆ ಇದು ಚೆನ್ನಾಗಿ ಅರ್ಥವಾಯಿತು.

ಇಲಿಯಲ್ಲಾದರೆ ಗುರುತಿನ ಜೀನನ್ನೇ ಮೊದಲು ಸೇರಿಸಿಬಿಡಬಹುದು. ಮನುಷ್ಯನಲ್ಲಿ ಹಾಗಾಗದು, ಹೆಚ್ಚಾಗಿ ದಾನ ಬಂದ ಮೆದುಳೇ ಗತಿ. ಸಾವಿನ ನಂತರ ಪೊರೆ, ಆರ್‌ಎನ್‌ಎ ಎರಡೂ ಕೆಡುತ್ತವೆ, ಆದ್ದರಿಂದ ಗಂಟೆಗಳ ಲೆಕ್ಕ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಊರಲ್ಲಿರುವ ಹಿರಿಯರ ಪರವಾಗಿ ಒಪ್ಪಿಗೆ ಹೇಳಬೇಕಾದವರು ಎಷ್ಟೋ ಸಲ ನಾವೇ, ಅದೂ ಇಲ್ಲಿ ನಡುರಾತ್ರಿ, ಫೋನಿನಲ್ಲಿ. ಆಗ ಯೋಚಿಸಲು ಪುರುಸೊತ್ತೆಲ್ಲಿ? ಮುಂದಿನ ಸಲ ಊರಿಗೆ ಹೋದಾಗ ತಂದೆಯವರನ್ನೇ ಕೇಳಬೇಕೆಂದಿದ್ದೇನೆ. ಅವರು ಬೇಡವೆಂದರೆ ಬೇಡ.