ಸಂಜೆಯ ಮುಂಬಯಿ, ಸೈಕಲ್ಲಿನ ಮೇಲೆ

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಪುಸ್ತಕಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ಇಂದು ನಾವು ಪುಸ್ತಕವನ್ನು ಬದಿಗಿಟ್ಟು ಸೈಕಲ್ಲಿನ ವಿಚಾರ ಹೇಳಲು ನಿಂತಿದ್ದೇವೆ. ಹಿರಿಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ಓದುವ ಕೊಠಡಿಯ ಸದಸ್ಯರಾದವರು ತಾವು ಬದುಕುವ ಊರನ್ನೂ ಒಮ್ಮೆ ಓದಿ ನೋಡುವುದು ತಪ್ಪಲ್ಲವಷ್ಟೆ.

ಈಚೆಗೆ ಮುಂಬಯಿಯಲ್ಲಿ ಪ್ರವಾಸಿಗರನ್ನು ಸೈಕಲ್ಲಿನ ಮೇಲೆ ಕರೆದುಕೊಂಡು ಹೋಗಿ ಹಳೆಯ ಊರನ್ನು ತೋರಿಸುವ ಏರ್ಪಾಡುಗಳಿವೆ. ಕೆಲವರು ಬೆಳಗಿನ ಜಾವದಲ್ಲಿ ಹೊರಡುತ್ತಾರೆ, ಕೆಲವರು ನಡುರಾತ್ರಿಯಲ್ಲಿ, ಕೆಲವರು ಹೊತ್ತು ಮುಳುಗುವ ಹೊತ್ತಿನಲ್ಲಿ. ಸೈಕಲ್ಲು, ತಲೆಗೆ ಹೆಲ್ಮೆಟ್ಟು, ಹಿಂದೆ ಮುಂದೆ ದೀಪ ಎಲ್ಲವನ್ನೂ ಅವರೇ ಕೊಡುತ್ತಾರೆ. ಚಳಿಗಾಲದ ಒಂದು ಆದಿತ್ಯವಾರ ನಮ್ಮ ವಾಚನಾಲಯದ ೧೧ ಮಂದಿ ಇಂಥ ಒಂದು ಸಂಜೆಯ ಪ್ರವಾಸಕ್ಕೆ ಹೋದೆವು. ನಮ್ಮಲ್ಲಿ ಕಾಲೇಜು ಹುಡುಗಿಯರೂ ಇದ್ದರು, ಬ್ಯಾಂಕಿನಿಂದ ನಿವೃತ್ತರಾದವರೂ ಇದ್ದರು. ದಾರಿ ತೋರಿಸಿದವನು ಒಬ್ಬ ಮರಾಠಿ ತರುಣ. ವಿನಯಶೀಲ, ತಿಳಿದವನು, ಎಲ್ಲಕ್ಕಿಂತ ಮಿಗಿಲಾಗಿ ಹಿಂದೆ ಬಿದ್ದವರಿಗಾಗಿ ನಿಲ್ಲುವವನು. ಗೇಟ್‌ವೇಯಿಂದ ಹೊರಟು ಓವಲ್ ಮೈದಾನ, ಮರೀನ್ ಡ್ರೈವ್, ಚೌಪಾಟಿಗಳನ್ನು ಮುಟ್ಟಿ, ಫ್ಲೋರಾ ಫೌಂಟನ್, ಬೋರಿಬಂದರಗಳ ಮೇಲಾಗಿ ಹಿಂದಿರುಗಿದೆವು. ಸುಮಾರು ೧೨ ಕಿಲೋಮೀಟರುಗಳ ದಾರಿ; ಮೂರು ಗಂಟೆಯ ಹೊತ್ತು.

ಗೇಟ್‌ವೇಯ ಕಥೆ ನಿಮಗೆ ತಿಳಿದದ್ದೇ. ೧೯೧೧ರಲ್ಲಿ ಐದನೆಯ ಜಾರ್ಜ್ ದೊರೆ ಇಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ ಬಾಗಿಲು. ಕಟ್ಟಿ ಮುಗಿದದ್ದು ೧೯೨೪ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, ೧೯೪೮ರ ಫೆಬ್ರವರಿ ೨೮ರಂದು, ಬ್ರಿಟಿಷರ ಕೊನೆಯ ಸೈನ್ಯದ ತುಕಡಿ ಇದೇ ಬಾಗಿಲಿನಿಂದ ಹಡಗು ಹತ್ತಿತು. ಆದರೆ ಅಲ್ಲಿ ನಿಂತಾಗ ನಮ್ಮ ಕರಾವಳಿಯವರಿಗೆ ಒಂದು ಗಲಿಬಿಲಿಯಾಗುತ್ತದೆ. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಹುಟ್ಟಿದವರಿಗೆ ಕಡಲೆಂದರೆ ಪಡುವಣ. ಸೂರ್ಯ ಮುಳುಗುವುದು ಕಡಲಿನಲ್ಲಿ. ಗೇಟ್‌ವೇಯ ಕಡಲಾದರೋ ಮೂಡಣ ದಿಕ್ಕಿಗಿದೆ. ಇಲ್ಲಿ ನೀರಿನಿಂದ ಸೂರ್ಯ ಏಳುತ್ತಾನೆ, ಮುಳುಗುವುದಿಲ್ಲ. ಈ ಊರು ಕಡಲೊಳಗೆ ಚಾಚಿದ ಒಂದು ನಾಲಗೆ. ಒಂದು ಬದಿಗೆ ಬಂದರು, ಇನ್ನೊಂದು ಬದಿಗೆ ತೆರೆದ ಸಮುದ್ರ. ಹಿಂದೆ ಆಗಬೋಟಿನಲ್ಲಿ ಬಂದ ನಮ್ಮವರು ಇಳಿದದ್ದು ಈ ಬಂದರಿನ ಬದಿಯಲ್ಲಿ. ನೆತ್ತಿಯ ಮೇಲೆ ಟ್ರಂಕು ಹೊತ್ತು ಇಳಿದವನಿಗೆ ಊರಿನ ಕಡಲಿನಂಥ ಕಡಲು ಕಾಣಬೇಕಾದರೆ ಇಡೀ ಕೋಟೆಯನ್ನು ದಾಟಿ ಆಚೆಗೆ ಹೋಗಬೇಕಾಗಿತ್ತು. ಅದು ಒಂದು ಮೈಲಿಗಿಂತ ಹೆಚ್ಚಿನ ದಾರಿಯಲ್ಲ. ಆದರೆ ಆ ದಾರಿ ನಡೆಯಲು ಎಷ್ಟು ಮಂದಿಗೆ ಬಿಡುವಿತ್ತು ಎಂಬುದೇ ನಾವು ಮುಂದೆ ಹೇಳಬೇಕಾದ ಮಾತು.

ಬಸ್ಸಿನಲ್ಲಿ ಹೋಗುವವನಿಗೆ ನೆಲದ ಏರಿಳಿತ ತಿಳಿಯುವುದಿಲ್ಲ. ನಡೆಯುವವನಿಗೆ ಒಂದೇ ಸಂಜೆಯಲ್ಲಿ ಇಷ್ಟು ದೂರ ಸಾಗುವುದಿಲ್ಲ. ಸೈಕಲ್ಲು ಎರಡರ ನಡುವಿನದು. ದಕ್ಷಿಣ ಮುಂಬಯಿಯ ನೆಲ ಎಷ್ಟು ಸಮತಟ್ಟು ಎಂಬುದು ನಮ್ಮ ಮೊಣಕಾಲುಗಳಿಗೆ ಮೊದಲು ತಿಳಿಯಿತು. ಕಾರಣವನ್ನು ಆಮೇಲೆ ನಮ್ಮ ತರುಣ ಮಿತ್ರ ಹೇಳಿದ. ಈ ನೆಲದಲ್ಲಿ ಬಹುಭಾಗ ಕಡಲಿಗೆ ಮಣ್ಣು ಕಲ್ಲು ತುಂಬಿ ಮಾಡಿದ್ದು. ಏಳು ನಡುಗಡ್ಡೆಗಳಾಗಿದ್ದ ಈ ಊರನ್ನು ೧೬೬೧ರಲ್ಲಿ ಪೋರ್ತುಗೀಸರು ತಮ್ಮ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಕೊಡಲೊಪ್ಪಿದರು. ಆ ದೊರೆ ೧೬೬೮ರಲ್ಲಿ ಅದನ್ನು ವರ್ಷಕ್ಕೆ ೧೦ ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ. ಆ ಮೇಲಿನ ಕಾಲವೆಲ್ಲ ನಡುಗಡ್ಡೆಗೆ ನಡುಗಡ್ಡೆಯನ್ನು ಜೋಡಿಸಿದ ಕಥೆ. ಕೊಲಾಬಕ್ಕೆ ಹೋಗುವ ಕಾಸ್‌ವೇ ೧೮೩೮ರಲ್ಲಿ ಆಯಿತು. ಕೋಟೆಯ ಗೋಡೆಗಳನ್ನು ೧೮೬೦ರ ದಶಕದಲ್ಲಿ ಕೆಡವಿದರು. ಈಗ ಕೋಟೆಯಿಲ್ಲ, ಫೋರ್ಟ್ ಎಂಬ ಹೆಸರು ಮಾತ್ರ ಇದೆ.

ಐದು ಗಂಟೆ ದಾಟಿದ ಮೇಲೆ ಓವಲ್ ಮೈದಾನದ ಬದಿಗೆ ಬಂದೆವು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮೈದಾನದ ಮೂಡಣ ಅಂಚಿಗೆ ಹಳೆಯ ಸೆಕ್ರೆಟೇರಿಯಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಹೈಕೋರ್ಟು ಒಂದರ ಪಕ್ಕಕ್ಕೊಂದು ನಿಂತಿವೆ. ಇಳಿಬಿಸಿಲು ಆ ಕಲ್ಲುಗಳ ಮೇಲೆ ಬಿದ್ದು ಅವು ಹೊಂಬಣ್ಣಕ್ಕೆ ತಿರುಗಿದ್ದವು. ಇವೆಲ್ಲ ಪಡುವಣಕ್ಕೆ ಮುಖ ಮಾಡಿರುವುದು ಏಕೆ ಎಂದು ಮಾರ್ಗದರ್ಶಿ ಕೇಳಿದ. ಉತ್ತರವನ್ನೂ ಅವನೇ ಹೇಳಿದ. ಇವುಗಳನ್ನು ಕಟ್ಟಿದ ೧೮೭೦ರ ದಶಕದಲ್ಲಿ ಇವುಗಳ ಎದುರಿಗೆ ಮೈದಾನ, ಅದರಾಚೆ ಸ್ವಲ್ಪ ದೂರದಲ್ಲೇ ಕಡಲು. ಮೈದಾನದ ಪಡುವಣ ಅಂಚಿನಲ್ಲಿ ಈಗ ಕಾಣುವ ದುಂಡು ಮೂಲೆಗಳ ಮನೆಗಳು ೧೯೩೦ರ ದಶಕದಲ್ಲಿ ಕಡಲನ್ನು ಹಿಂದಕ್ಕೆ ತಳ್ಳಿದ ನೆಲದಲ್ಲಿ ಎದ್ದವು. ಈ ಎರಡೂ ಸಾಲುಗಳನ್ನು ಒಟ್ಟಿಗೆ ೨೦೧೮ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

೧೮೭೮ರಲ್ಲಿ ಮುಗಿದ ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟವನು ಹತ್ತಿಯ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಹೆಸರು ಅವನ ತಾಯಿಯದು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನಳಾದುದರಿಂದ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕು. ಗೋಪುರದ ಗಂಟೆ ಕೇಳಿ ಹೊತ್ತು ತಿಳಿದುಕೊಳ್ಳುತ್ತಿದ್ದಳಂತೆ. ಇದು ಜನರ ಬಾಯಲ್ಲಿರುವ ಕಥೆ. ಆ ಹೊತ್ತಿಗೆ ಆ ಕಥೆ ಕೇಳಲು ಸೊಗಸಾಗಿತ್ತು.

ಆದರೆ ಆ ಸಾಲನ್ನು ನೋಡುತ್ತ ನಿಂತಾಗ ಮಾರ್ಗದರ್ಶಿ ಹೇಳದ ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ೧೯೫೬ರ ಅಕ್ಟೋಬರ್ ಮುಗಿಯುವವರೆಗೆ ಈ ಮುಂಬಯಿಯೇ ರಾಜಧಾನಿ. ಹುಬ್ಬಳ್ಳಿಯ ಹೊಲದ ತಕರಾರು ಮೇಲ್ಮನವಿಗೆ ಬಂದರೆ ಅದು ತೀರುತ್ತಿದ್ದುದು ಈ ಹೈಕೋರ್ಟಿನಲ್ಲಿ. ೧೯೧೭ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿನ ಹುಡುಗರು ಪಾಸಾಗುತ್ತಿದ್ದುದು ಈ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಕೂಡ ೧೯೪೯ರಲ್ಲಿ ಮುಂಬಯಿಯಲ್ಲೇ ಕಣ್ಣು ಬಿಟ್ಟು ಮರುವರ್ಷ ಧಾರವಾಡಕ್ಕೆ ಹೋಯಿತು. ಅರ್ಧ ಕನ್ನಡನಾಡಿನ ಕಾಗದಪತ್ರಗಳೆಲ್ಲ ಈ ಮೈದಾನದ ಅಂಚಿನಲ್ಲಿ ಓಡಾಡಿದವು. ದಕ್ಷಿಣ ಕನ್ನಡದವರ ಪಾಡು ಬೇರೆ. ಅವರ ರಾಜಧಾನಿ ಆಗ ಮದರಾಸು. ಅವರಲ್ಲಿ ಬಹುಮಂದಿ ಮುಂಬಯಿಗೆ ಬಂದದ್ದು ಕಾಗದ ಹಿಡಿದುಕೊಂಡಲ್ಲ, ಹಸಿವು ಹಿಡಿದುಕೊಂಡು. ಅವರ ಜಾಗ ಈ ಕಟ್ಟಡಗಳ ಹಿಂದಿನ ಗಲ್ಲಿಗಳಲ್ಲಿತ್ತು.

ಅಲ್ಲಿಂದ ಚರ್ಚ್‌ಗೇಟ್ ದಾಟಿ ಮರೀನ್ ಡ್ರೈವಿಗೆ ಬಂದಾಗ ಸೂರ್ಯ ಮುಳುಗಲು ಕಾಲು ಗಂಟೆಯಿತ್ತು. ಮೂರೂವರೆ ಕಿಲೋಮೀಟರಿಗೆ ಮಿಕ್ಕಿದ ಬಿಲ್ಲಿನಂಥ ರಸ್ತೆ. ಕಟ್ಟೆಯ ಕೆಳಗೆ ನಾಲ್ಕು ಕಾಲಿನ ಕಾಂಕ್ರೀಟು ತುಂಡುಗಳು ಅಲೆಗಳ ಪೆಟ್ಟು ತಿನ್ನುತ್ತ ಬಿದ್ದಿವೆ. ಈ ರಸ್ತೆಯೂ ಕಡಲಿನಿಂದ ಪಡೆದ ನೆಲವೇ. ಬೇಸಿಗೆಯ ಕೊನೆಯಲ್ಲಿ ರಸ್ತೆಯ ನಡುಭಾಗದಲ್ಲಿ ನಿಂತವನಿಗೆ ಸೂರ್ಯ ಮಲಬಾರ್ ಹಿಲ್ಲಿನ ಹಿಂದೆ ಮರೆಯಾಗುತ್ತಾನೆ; ಚಳಿಗಾಲದಲ್ಲಿ ತೆಂಕಕ್ಕೆ ಸರಿದು ತೆರೆದ ಕಡಲಿನಲ್ಲೇ ಮುಳುಗುತ್ತಾನೆ. ಆದುದರಿಂದ ಈ ಪ್ರವಾಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದ ಉಬ್ಬರದಲ್ಲಿ ಅಲೆ ಕಟ್ಟೆ ಹಾರಿ ರಸ್ತೆಗೆ ಬರುತ್ತದೆ. ಆಗ ಸೈಕಲ್ಲಿನ ಮಾತು ಬೇಡ.

ಸೈಕಲ್ಲುಗಳನ್ನು ಒರಗಿಸಿ ಕಟ್ಟೆಯ ಮೇಲೆ ಕುಳಿತೆವು. ಯಾರೂ ಮಾತನಾಡಲಿಲ್ಲ. ಕೆಂಪು ಬಿಂಬ ನೀರನ್ನು ಮುಟ್ಟಿ, ಚಪ್ಪಟೆಯಾಗಿ, ಇಲ್ಲವಾಯಿತು. ಹಿಂದೆ ದೀಪಗಳು ಹೊತ್ತಿಕೊಂಡವು.

ಈ ಸಂಗತಿಯನ್ನು ಮರುವಾರ ನಾವು ವಾಚನಾಲಯದ ಹಿರಿಯ ಸದಸ್ಯರೊಬ್ಬರಲ್ಲಿ ಹೇಳಿದೆವು. ಅವರು ೧೩ನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದರಿಂದ ತೊಡಗಿ, ಟೇಬಲ್ ಒರಸಿ, ತಿಂಡಿ ಕೊಟ್ಟು, ಕೊನೆಗೆ ಗಲ್ಲಾದಲ್ಲಿ ಕುಳಿತವರು. ಮರೀನ್ ಡ್ರೈವಿನಿಂದ ಹತ್ತು ನಿಮಿಷದ ದಾರಿಯಲ್ಲಿ ೪೦ ವರ್ಷ ದುಡಿದವರು. ಅಲ್ಲಿ ಹೊತ್ತು ಮುಳುಗುವುದನ್ನು ಎಷ್ಟು ಸಲ ನೋಡಿದ್ದೀರಿ ಎಂದು ಕೇಳಿದೆವು. ಅವರು ನಕ್ಕು ಹೇಳಿದರು: "ಆ ಹೊತ್ತು ನಮ್ಮದಲ್ಲ ಮಾರಾಯ್ರೇ. ಐದು ಗಂಟೆಗೆ ಆಫೀಸು ಬಿಟ್ಟರೆ ಜನ ನಮ್ಮಲ್ಲಿಗೆ ಬರುತ್ತಿದ್ದರು. ಅವರು ಚಾ ಕುಡಿದು ಕಡಲು ನೋಡಲು ಹೋಗುತ್ತಿದ್ದರು. ನಾವು ಬಸಿ ತೊಳೆದಿಟ್ಟು ಶಾಲೆಗೆ ಓಡುತ್ತಿದ್ದೆವು."

ಮಹನೀಯರೇ, ನಾವು ಇಂದು ಇಲ್ಲಿ ಮಾತನಾಡಲು ನಿಂತದ್ದು ಈ ಒಂದು ಮಾತಿಗಾಗಿ. ಸೂರ್ಯಾಸ್ತವನ್ನು ನೋಡಲು ಕಾಸು ಬೇಡ ಎನ್ನುತ್ತಾರೆ. ಕಾಸು ಬೇಡ ನಿಜ, ಬಿಡುವು ಬೇಕು. ನಮ್ಮ ಹಿಂದಿನ ತಲೆಮಾರಿನವರಿಗೆ ಈ ಊರಿನಲ್ಲಿ ದೊರೆಯದೆ ಹೋದದ್ದು ಅದೇ. ಅವರು ಆ ಬಿಡುವನ್ನು ಇನ್ನೊಬ್ಬರಿಗೆ ಚಾದೊಂದಿಗೆ ಬಡಿಸಿದರು. ತಮಗೆ ಉಳಿದ ರಾತ್ರಿಯ ಎರಡು ಗಂಟೆಗಳನ್ನು ಅಕ್ಷರಕ್ಕೆ ಕೊಟ್ಟರು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಎಷ್ಟು ಮಂದಿ! ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ದುಡಿಯುವ ಹುಡುಗರಿಗೆ ವಿದ್ಯೆ ಕೊಡಲು ಪಟ್ಟ ಶ್ರಮವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾದುದಿಲ್ಲ.

ಹಿಂದಿರುಗುವ ದಾರಿಯಲ್ಲಿ ಕತ್ತಲಾಗಿತ್ತು. ಆದಿತ್ಯವಾರವಾದುದರಿಂದ ಫೋರ್ಟಿನ ಬೀದಿಗಳು ಖಾಲಿ. ೧೮೬೪ರ ಫ್ಲೋರಾ ಫೌಂಟನ್. ಅದರ ಬಳಿಯಲ್ಲೇ ಸಂಯುಕ್ತ ಮಹಾರಾಷ್ಟ್ರದ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕ. ನಾಡು ಭಾಷೆಯ ಮೇಲೆ ಹಂಚಿಹೋದ ಆ ಕಾಲದಲ್ಲಿ ಕನ್ನಡ ಜಿಲ್ಲೆಗಳು ಅತ್ತ ಹೋದವು. ಕನ್ನಡ ಜನ ಇಲ್ಲೇ ಉಳಿದರು. ಬೋರಿಬಂದರದ ನಿಲ್ದಾಣ ದೀಪಗಳಿಂದ ಹೊಳೆಯುತ್ತಿತ್ತು. ಸ್ಟೀವನ್ಸ್ ಎಂಬ ಶಿಲ್ಪಿ ೧೮೭೮ರಲ್ಲಿ ತೊಡಗಿ ಹತ್ತು ವರ್ಷಗಳಲ್ಲಿ ಮುಗಿಸಿದ ಕಟ್ಟಡವೆಂದು ಮಾರ್ಗದರ್ಶಿ ಹೇಳಿದ. ಇಲ್ಲಿನ ಗಲ್ಲಿಗಳಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದುದು ಗೊತ್ತೇ ಎಂದು ನಾವು ಕೇಳಿದೆವು. ಅವನಿಗೆ ಗೊತ್ತಿರಲಿಲ್ಲ. ಕೂಡಲೆ ಸೈಕಲ್ಲು ನಿಲ್ಲಿಸಿ, ಕಿಸೆಯಿಂದ ಪುಸ್ತಕ ತೆಗೆದು, "ಯಾವ ಗಲ್ಲಿ? ಯಾವ ಮನೆ?" ಎಂದು ಕೇಳಿದ. ನಾವು ೧೧ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯ ಗುರುತು ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರೆಲ್ಲ ಈ ವಾಚನಾಲಯದಲ್ಲಿ ಕುಳಿತಿದ್ದರು.

ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ಪ್ರವಾಸದ ವರದಿ ಪೂರ್ತಿಯಾಗದು. ಸಿಗ್ನಲ್ಲಿನಲ್ಲಿ ನಿಂತಾಗ ನಮ್ಮ ಪಕ್ಕಕ್ಕೆ ಪಾವಿನ ಮೂಟೆ ಹೇರಿದ ಸೈಕಲ್ಲಿನವನೊಬ್ಬ ಬಂದು ನಿಂತ. ಅವನಿಗೆ ಹೆಲ್ಮೆಟ್ಟಿಲ್ಲ, ದೀಪವಿಲ್ಲ. ನಮ್ಮ ಥಳಥಳಿಸುವ ಸೈಕಲ್ಲುಗಳನ್ನು ನೋಡಿ, ಬಾಡಿಗೆ ಎಷ್ಟೆಂದು ಕೇಳಿ, ತಲೆಯಾಡಿಸಿ ಹೊರಟುಹೋದ. ನಮಗೆ ಆಟವಾದದ್ದು ಅವನಿಗೆ ಅನ್ನ. ೨೦೦೯ರ ಸೀ ಲಿಂಕ್ ಸೇತುವೆಯಾಗಲಿ ೨೦೨೪ರಲ್ಲಿ ತೆರೆದ ಕರಾವಳಿ ರಸ್ತೆಯಾಗಲಿ ಸೈಕಲ್ಲನ್ನು ಒಳಗೆ ಬಿಡುವುದಿಲ್ಲ. ಕಡಲನ್ನು ತುಂಬಿ ರಸ್ತೆ ಮಾಡುವ ಊರು, ಆ ರಸ್ತೆಯ ಅಂಚಿನಲ್ಲಿ ದುಡಿಯುವವನ ಎರಡು ಗಾಲಿಗೆ ಒಂದಿಷ್ಟು ಜಾಗ ಬಿಡಬಾರದೇ?

ಈಗ ನಮ್ಮ ಸೂಚನೆ. ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ನೋಟುಪುಸ್ತಕವನ್ನು ಇಟ್ಟಿದ್ದೇವೆ. ಹಿರಿಯರು ದಯಮಾಡಿ ಅದರಲ್ಲಿ ತಾವು ಮೊದಲು ದುಡಿದ ಹೋಟೆಲಿನ ಬೀದಿ, ಮಲಗುತ್ತಿದ್ದ ಕೋಣೆ, ಉಂಡ ಖಾನಾವಳಿ, ಓದಿದ ರಾತ್ರಿ ಶಾಲೆ ಇವುಗಳ ಗುರುತನ್ನು ಬರೆಯಬೇಕು. ಎರಡೇ ಸಾಲಾದರೂ ಸಾಕು. ಬರೆಯಲು ಕೈ ನಡುಗುವವರು ಹೇಳಿದರೆ ನಮ್ಮ ಹುಡುಗಿಯರು ಬರೆದುಕೊಳ್ಳುತ್ತಾರೆ. ಬರುವ ಚಳಿಗಾಲಕ್ಕೆ ಈ ಗುರುತುಗಳನ್ನು ಜೋಡಿಸಿ ಕನ್ನಡದಲ್ಲಿ ಒಂದು ಸಂಜೆಯ ಪ್ರವಾಸವನ್ನು ನಾವೇ ನಡೆಸೋಣ; ಆ ಮರಾಠಿ ಮಿತ್ರ ಜೊತೆಗೆ ಬರಲು ಒಪ್ಪಿದ್ದಾನೆ. ಸೈಕಲ್ಲು ತುಳಿಯಲಾರದ ಹಿರಿಯರನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ, ಅವರು ದುಡಿದ ಬೀದಿಯಲ್ಲೇ ಕುರ್ಚಿ ಹಾಕಿ ಕುಳ್ಳಿರಿಸಿ, ಅವರ ಬಾಯಿಂದಲೇ ಕಥೆ ಕೇಳೋಣ. ಆಮೇಲೆ ಎಲ್ಲರೂ ಕೂಡಿ, ಹೊತ್ತು ಮುಳುಗುವ ಮುಂಚೆ, ಮರೀನ್ ಡ್ರೈವಿಗೆ ಹೋಗೋಣ. ಆ ದಿನ ಚಾ ಕೊಡುವ ಕೆಲಸ ಕಿರಿಯರದು.

ನೋಟುಪುಸ್ತಕದ ಪಕ್ಕದಲ್ಲಿ ಪೆನ್ಸಿಲೂ ಇದೆ.