ಬಾಗಿಲು ಮುಚ್ಚಿದ ಮೇಲೆ ನೆಲೆಸಿದ ಅತಿಥಿಗಳು



1964ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಜರ್ಮನಿಯ ಕಲೋನ್ ರೈಲು ನಿಲ್ದಾಣದಲ್ಲಿ ಪೋರ್ಚುಗಲ್‌ನ ಬಡಗಿಯೊಬ್ಬನಿಗೆ ಅದ್ದೂರಿ ಸ್ವಾಗತ ದೊರೆಯಿತು. ಹೂಗುಚ್ಛದ ಜೊತೆಗೆ ಒಂದು ಮೊಪೆಡ್ ಕೂಡ ಉಡುಗೊರೆಯಾಗಿ ಬಂತು. ಕೂಲಿಗಾಗಿ ಹೊರದೇಶಗಳಿಂದ ಬಂದವರಲ್ಲಿ ಆತ ಹತ್ತು ಲಕ್ಷದನೆಯವನು.

ಮಹಾಯುದ್ಧದ ನಂತರ ಅಲ್ಲಿನ ಉದ್ಯಮ ಚೇತರಿಸಿಕೊಂಡಿತ್ತು. ದುಡಿಯುವ ಕೈಗಳು ಸಾಲುತ್ತಿರಲಿಲ್ಲ. 1955ರಲ್ಲಿ ಇಟಲಿಯೊಡನೆ, 1961ರಲ್ಲಿ ಟರ್ಕಿಯೊಡನೆ ಒಪ್ಪಂದಗಳಾದವು. ಬಂದವರಿಗೆ ‘ಅತಿಥಿ ಕಾರ್ಮಿಕರು’ ಎಂಬ ಹೆಸರು ಬಿತ್ತು. ಅತಿಥಿ ಎಂದರೆ ನಾಲ್ಕು ದಿನವಿದ್ದು ಹೊರಡುವವನು ತಾನೇ? ಟರ್ಕಿಯವರಿಗೆ ಎರಡೇ ವರ್ಷಗಳ ಗಡುವು ಹಾಕಲಾಯಿತು. ಆದರೆ ಈ ಗಡುವು ಕಾರ್ಖಾನೆ ಮಾಲೀಕರಿಗೇ ಹಿಡಿಸಲಿಲ್ಲ. ಕೆಲಸ ಕಲಿಸಿದವನನ್ನು ಕಳುಹಿಸಿ ಹೊಸಬನಿಗೆ ಮತ್ತೆ ಮೊದಲಿನಿಂದ ಕಲಿಸುವುದು ನಷ್ಟದ ಬಾಬತ್ತು. 1964ರಲ್ಲಿ ಗಡುವು ರದ್ದಾಯಿತು.

ಹಾಗೆಂದು ಎಲ್ಲರೂ ಅಲ್ಲೇ ಉಳಿಯಲಿಲ್ಲ. 1973ರವರೆಗೆ ಬಂದ ಸುಮಾರು 1.4 ಕೋಟಿ ಜನರಲ್ಲಿ 1.1 ಕೋಟಿಯಷ್ಟು ಮಂದಿ ಊರಿಗೆ ಮರಳಿದರು ಎಂಬುದು ಗಮನಾರ್ಹ.

1973ರಲ್ಲಿ ತೈಲ ಬಿಕ್ಕಟ್ಟು ತಲೆದೋರಿತು. ನವೆಂಬರ್‌ನಲ್ಲಿ ಸರ್ಕಾರ ನೇಮಕಾತಿಯನ್ನೇ ನಿಲ್ಲಿಸಿತು. ಹೊಸಬರು ಬರುವುದಿಲ್ಲ, ಹಳಬರು ಹೋಗುತ್ತಾರೆ ಎಂಬುದು ಅದರ ಲೆಕ್ಕಾಚಾರ. ಆದದ್ದೇ ಬೇರೆ. ಇಟಲಿ ಐರೋಪ್ಯ ಆರ್ಥಿಕ ಸಮುದಾಯದ ಸದಸ್ಯ ರಾಷ್ಟ್ರವಾಗಿದ್ದರಿಂದ ಅಲ್ಲಿಯವರು ಊರಿಗೆ ಹೋಗಿ, ಬೇಕಾದಾಗ ಮತ್ತೆ ಬರಬಹುದಿತ್ತು. ಟರ್ಕಿಯವನಿಗೆ ಆ ಅವಕಾಶವಿರಲಿಲ್ಲ. ಒಮ್ಮೆ ಹೊರಟರೆ ಮತ್ತೆ ಪ್ರವೇಶ ದುರ್ಲಭ. ಆತ ಹೊರಡುವ ಬದಲು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡ. 1973ರಲ್ಲಿ ಸುಮಾರು 40 ಲಕ್ಷವಿದ್ದ ವಿದೇಶೀಯರ ಸಂಖ್ಯೆ 1980ರ ವೇಳೆಗೆ ಸುಮಾರು 45 ಲಕ್ಷಕ್ಕೇರಿತು. ಆದರೆ ಅವರಲ್ಲಿ ದುಡಿಯುವವರ ಸಂಖ್ಯೆ ಇಳಿದಿತ್ತು!

1983ರಲ್ಲಿ ಸರ್ಕಾರ ಹಣದ ಆಸೆ ತೋರಿಸಿತು. ಕೆಲಸ ಕಳೆದುಕೊಂಡು ಊರಿಗೆ ಮರಳುವವನಿಗೆ 10,500 ಮಾರ್ಕ್. ಕೆಲವರು ಹಣ ಪಡೆದು ಹೊರಟರು. ಬಹುಪಾಲು ಜನ ಕದಲಲಿಲ್ಲ. ಅಷ್ಟರಲ್ಲಿ ಮಕ್ಕಳು ಜರ್ಮನ್ ಶಾಲೆಗಳಲ್ಲಿ ಕಲಿಯುತ್ತಿದ್ದರು. ಇಲ್ಲಿ ಹುಟ್ಟಿದ ಮಗು ಯಾವ ಊರಿಗೆ ‘ಮರಳಬೇಕು’? ಆ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗುವ ಕಾನೂನು ಜಾರಿಗೆ ಬಂದದ್ದು 2000ದಲ್ಲಿ.

ಈಗ ಜರ್ಮನಿಗೆ ಮತ್ತೆ ಕೈಗಳ ಕೊರತೆ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20 ಸಾವಿರವಿದ್ದ ವೀಸಾಗಳನ್ನು 90 ಸಾವಿರಕ್ಕೇರಿಸುವುದಾಗಿ 2024ರಲ್ಲಿ ಅದು ಪ್ರಕಟಿಸಿತು. ನಮ್ಮ ಎಂಜಿನಿಯರ್‌ಗಳು, ನರ್ಸ್‌ಗಳು ಹೊರಡುವ ಮುನ್ನ ಸಂಬಳವನ್ನಷ್ಟೇ ವಿಚಾರಿಸಿದರೆ ಸಾಲದು. ಹೋಗಿಬರುವ ದಾರಿ ತೆರೆದಿರುತ್ತದೆಯೇ, ಮಕ್ಕಳಿಗೆ ಸಿಗುವ ಹಕ್ಕೇನು ಎಂಬುದನ್ನೂ ಕೇಳಬೇಕು. ಆ ಪ್ರಶ್ನೆಗಳನ್ನು ಮೊದಲೇ ಇತ್ಯರ್ಥ ಮಾಡದ್ದರಿಂದ ಒಂದು ಇಡೀ ಪೀಳಿಗೆ ಅತಿಥಿಯೂ ಅಲ್ಲದೆ ಮನೆಯವನೂ ಅಲ್ಲದೆ ಬದುಕಬೇಕಾಯಿತು.