ಮೈಕೆಲ್ ಬರೆದ ಕಾಗದ

ವಾರಪತ್ರಿಕೆ ಬಂದ ಕೂಡಲೇ ಧಾರಾವಾಹಿಯ ಪುಟಕ್ಕಾಗಿ ಮನೆಮಂದಿ ಕಿತ್ತಾಡುತ್ತಿದ್ದುದು ನಿಮಗೆ ನೆನಪಿರಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1976ರಿಂದ ಜನ ಹೀಗೆಯೇ ‘ಕ್ರಾನಿಕಲ್’ ಪತ್ರಿಕೆಗೆ ಕಾಯುತ್ತಿದ್ದರು. ಅದರಲ್ಲಿ ಆರ್ಮಿಸ್ಟೆಡ್ ಮಾಪಿನ್ ಅವರ ‘ಟೇಲ್ಸ್ ಆಫ್ ದ ಸಿಟಿ’ ಬರುತ್ತಿತ್ತು. ಆ ಧಾರಾವಾಹಿಯ ಮೈಕೆಲ್ ಎಂಬ ಹುಡುಗನ ಮನಸ್ಸು ಒಲಿಯುವುದು ಗಂಡಸರಿಗೆ.

1977ರಲ್ಲಿ ಮೈಕೆಲ್ ಊರಲ್ಲಿದ್ದ ಅಮ್ಮನಿಗೆ ಕಾಗದ ಬರೆದ, ನಾನಿರುವುದೇ ಹೀಗೆ ಎಂದು. ಮಾಪಿನ್ ಕೂಡ ಸಲಿಂಗಪ್ರೇಮಿ. ಹೆತ್ತವರಿಗೆ ತಾವು ಹೇಳಲಾಗದ್ದನ್ನು ಪಾತ್ರದ ಕೈಯಲ್ಲಿ ಬರೆಸಿದರು. ಆಮೇಲೆ ನಡೆದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಎಷ್ಟೋ ಓದುಗರು ಆ ಕಾಗದವನ್ನು ಪತ್ರಿಕೆಯಿಂದ ಕತ್ತರಿಸಿ, ಮೈಕೆಲ್ ಹೆಸರಿದ್ದಲ್ಲಿ ತಮ್ಮ ಹೆಸರು ಬರೆದು, ತಮ್ಮ ಅಪ್ಪ-ಅಮ್ಮನಿಗೆ ಅಂಚೆಯಲ್ಲಿ ಕಳಿಸಿದರು. ಕಥೆಯ ಕಾಗದ ನಿಜವಾದ ಮನೆಗಳ ಬಾಗಿಲು ತಟ್ಟಿತು.

ಮುಂದೆ ಏಡ್ಸ್ ಬಂತು. ಮೈಕೆಲ್‌ನ ಪ್ರಿಯಕರ ಜಾನ್ ಕೂಡ ಕಥೆಯಲ್ಲಿ ಆ ರೋಗಕ್ಕೆ ಬಲಿಯಾದ. ಬೆಳಗಿನ ಓದಿನ ಖುಷಿ ಕೆಡಿಸಿದಿರಿ ಎಂದು ಕೆಲವು ಓದುಗರು ಲೇಖಕರ ಮೇಲೆ ಸಿಟ್ಟಾದರು. ಊರೇ ಸೂತಕದಲ್ಲಿರುವಾಗ ಕಥೆಯೊಂದೇ ನಗುತ್ತಿರಲಾದೀತೆ? ಮಾಪಿನ್ ಮಾಡಿದ್ದೇ ಸರಿ.

ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗನೋ ಮಗಳೋ ಎಂದಾದರೂ ಅಂಥ ಕಾಗದವನ್ನು ನಿಮ್ಮ ಕೈಗಿತ್ತರೆ, ದಯವಿಟ್ಟು ಕೊನೆಯವರೆಗೂ ಓದಿ. ಆಮೇಲೆ ಆ ಮಗುವನ್ನು ಊಟಕ್ಕೆ ಕರೆಯಿರಿ.